ಪಯಸ್ವಿನಿಯನ್ನು ಘಟ್ಟದಿಂದ ಕಡಲಿನವರೆಗೆ ಒಂದೇ ಅಳತೆಯಲ್ಲಿ ನೋಡುವುದು ಹೇಗೆ?

ಪ್ರಶ್ನೆ: ಪರಿಸರ ವಿಜ್ಞಾನ ಅಧ್ಯಾಪಕಿ, ಮಡಿಕೇರಿ

ಮಾನ್ಯರೇ,

ಮಡಿಕೇರಿಯ ಬೆಟ್ಟಸಾಲಿನ ಮೂಡಣ ಮಗ್ಗುಲಿಗೆ ಬಿದ್ದ ಮಳೆನೀರು ಕಾವೇರಿಯ ಪಾಲಾಗಿ ಬಂಗಾಳ ಕೊಲ್ಲಿಯತ್ತ ಹೊರಡುತ್ತದೆ. ಪಡುವಣ ಮಗ್ಗುಲಿನದು ಪಯಸ್ವಿನಿಯನ್ನು ಸೇರಿ, ಸಂಪಾಜೆ, ಅರಂತೋಡು, ಸುಳ್ಯಗಳನ್ನು ಹಾದು ಕೇರಳಕ್ಕಿಳಿದು, ಚಂದ್ರಗಿರಿ ಹೊಳೆ ಎಂಬ ಹೆಸರಿನಲ್ಲಿ ಕಾಸರಗೋಡಿನ ಬಳಿ ಅರಬ್ಬಿ ಸಮುದ್ರವನ್ನು ಮುಟ್ಟುತ್ತದೆ. ಕಾವೇರಿಯ ಬಗ್ಗೆ ಮಾತನಾಡುವವರು ಬೇಕಾದಷ್ಟಿದ್ದಾರೆ. ನಾನು ಕೇಳಬೇಕೆಂದಿರುವುದು ಸುಮಾರು 105 ಕಿಲೋಮೀಟರ್ ಉದ್ದದ ಈ ಇನ್ನೊಂದು ಹೊಳೆಯ ಬಗ್ಗೆ.

2018ರ ಆಗಸ್ಟ್‌ನಲ್ಲಿ ಜೋಡುಪಾಲದ ಸುತ್ತ ಗುಡ್ಡ ಕುಸಿದಾಗ ಮಣ್ಣು, ಮರ, ಬಂಡೆಗಳೆಲ್ಲ ಕೊಲ್ಲಿಗಳ (ಬೆಟ್ಟದ ತೊರೆಗಳ) ಮೂಲಕ ಹೊಳೆಗೆ ಇಳಿದವು. ಆ ಮಣ್ಣಿನಲ್ಲಿ ಎಷ್ಟು ಕಡಲಿನವರೆಗೆ ಹೋಯಿತು, ಎಷ್ಟು ನಡುವಿನ ಗುಂಡಿಗಳಲ್ಲೇ ಉಳಿಯಿತು ಎಂದು ವಿದ್ಯಾರ್ಥಿನಿಯೊಬ್ಬಳು ತರಗತಿಯಲ್ಲಿ ಕೇಳಿದಳು. ಅದಕ್ಕೆ ಉತ್ತರ ಕಟ್ಟಲು ನಾನು ಒಂದು ವರ್ಷ ಅಂಕಿಗಳನ್ನು ಹುಡುಕಿದೆ. ಘಟ್ಟದ ಮೇಲಿನ ಮಳೆಯ ಲೆಕ್ಕ ತೋಟಗಾರರ ಪುಸ್ತಕದಲ್ಲಿ ಇಂಚು-ಸೆಂಟುಗಳಲ್ಲಿ ಸಿಕ್ಕಿತು, ಪಂಚಾಯಿತಿಯ ಮಳೆಮಾಪಕದ ಲೆಕ್ಕ ಮಿಲಿಮೀಟರ್‌ನಲ್ಲಿ ಸಿಕ್ಕಿತು, ಹೊಳೆಯ ಮಟ್ಟ ಯಾವ ಸೊನ್ನೆಯಿಂದ ಅಳೆದದ್ದೆಂದು ತಿಳಿಯದ ಮೀಟರ್‌ಗಳಲ್ಲಿ ಸಿಕ್ಕಿತು. ಇವುಗಳನ್ನು ಒಂದಕ್ಕೊಂದು ಹೊಂದಿಸಲು ನನ್ನಿಂದ ಆಗಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಯೋಜನೆಯವರು ನಮ್ಮ ಕಡೆಯ ಸೇತುವೆಯೊಂದರ ಅಡಿಗೆ ಮಟ್ಟ ಅಳೆಯುವ ಸಾಧನವನ್ನು ತೂಗುಹಾಕಿದ್ದರು. ಅದು ಎರಡು ಮಳೆಗಾಲ ಚೆನ್ನಾಗಿ ಕೆಲಸ ಮಾಡಿತು. ಯೋಜನೆಯ ಅವಧಿ ಮುಗಿಯಿತು, ಬ್ಯಾಟರಿ ಸತ್ತಿತು, ಬದಲಿಸುವವರು ಬರಲಿಲ್ಲ. ಆ ಎರಡು ವರ್ಷಗಳ ಅಂಕಿಗಳೂ ನಮ್ಮ ಕೈಗೆ ಬರಲಿಲ್ಲ.

ಕೊಡಗು, ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕಾಲೇಜುಗಳು, ತೋಟಗಾರರು, ಕಡಲ ಅಧ್ಯಯನ ಮಾಡುವವರು ಸೇರಿ ಬಳಸುವಂಥ ಒಂದು ಸಾಮಾನ್ಯ ವ್ಯವಸ್ಥೆಯನ್ನು ಕಟ್ಟಬೇಕೆಂದರೆ ಮೊದಲು ಏನನ್ನು ಮಾಡಬೇಕು? ಸಾಧನಗಳನ್ನು ಕೊಳ್ಳಬೇಕೇ, ಪ್ರಯೋಗಾಲಯ ಮಾಡಬೇಕೇ, ಅಂಕಿಗಳನ್ನು ಇಡುವ ಜಾಗ ಮಾಡಬೇಕೇ? ನಮ್ಮ ಕೈಯಲ್ಲಿರುವ ಹಣ ಕಡಿಮೆ.

ಉತ್ತರ 1: ನಿವೃತ್ತ ಜಲಮಾಪನ ಎಂಜಿನಿಯರ್, ಮೈಸೂರು

ಮೇಡಂ, ಸಾಧನ ಕೊಳ್ಳುವ ಮೊದಲು ಸೊನ್ನೆಯನ್ನು ಸರಿಮಾಡಿಕೊಳ್ಳಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಕೇಂದ್ರದಲ್ಲಿ ಪ್ರವಾಹಕ್ಕೆ ಗೇಜು, ಅಂದರೆ ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ, ಬಾಗಿತ್ತು. ಹೊಸದನ್ನು ನೆಟ್ಟವರು ಹಳೆಯದಕ್ಕಿಂತ ಒಂದು ಗೇಣು ಮೇಲಕ್ಕೆ ನೆಟ್ಟು, ಅದನ್ನು ಪುಸ್ತಕದಲ್ಲಿ ಬರೆಯಲಿಲ್ಲ. ಮುಂದೆ ಅನೇಕ ವರ್ಷ ಆ ಹೊಳೆ ಬೇಸಿಗೆಯಲ್ಲಿ ಬತ್ತುತ್ತಿದೆ ಎಂದೇ ಅಂಕಿಗಳು ಹೇಳಿದವು. ಬತ್ತಿದ್ದು ಹೊಳೆಯಲ್ಲ, ಏರಿದ್ದು ಗೇಜಿನ ಸೊನ್ನೆ. ಆದ್ದರಿಂದ ಸೇತುವೆಯ ಕಂಬದಲ್ಲೋ ಪಕ್ಕದ ಗಟ್ಟಿ ಬಂಡೆಯಲ್ಲೋ ಒಂದು ಬೆಂಚ್‌ಮಾರ್ಕ್ (ಎತ್ತರ ಹೋಲಿಸಲು ಕದಲದ ಗುರುತು) ಕೆತ್ತಿಸಿ, ಅದಕ್ಕೂ ಗೇಜಿನ ಸೊನ್ನೆಗೂ ಇರುವ ಎತ್ತರದ ಅಂತರವನ್ನು ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಡಂಪಿ ಲೆವೆಲ್ (ಎತ್ತರದ ಅಂತರ ಅಳೆಯುವ ದೂರದರ್ಶಕ ಸಾಧನ) ಇಟ್ಟು ನೋಡಿ, ದಿನಾಂಕ ಸಹಿತ ಬರೆದಿಡಿ.

ಎರಡನೆಯ ವಿಷಯ: ಮಟ್ಟ ಎಂದರೆ ಹರಿವಲ್ಲ. ಸೇತುವೆಯ ಅಡಿಗೆ ತೂಗುಹಾಕುವ ರೇಡಾರ್ ಮಟ್ಟಮಾಪಕ ಎಷ್ಟು ಬೆಲೆಯದಾದರೂ ನೀರಿನ ಎತ್ತರವನ್ನಷ್ಟೇ ಹೇಳುತ್ತದೆ. ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಹೋಯಿತು ಎಂದು ತಿಳಿಯಬೇಕಾದರೆ, ಹೊಳೆಯ ಅಗಲವನ್ನು ಭಾಗ ಮಾಡಿಕೊಂಡು, ಪ್ರತಿ ಭಾಗದಲ್ಲೂ ಆಳ ನೋಡಿ, ಮೇಲ್ಮೈಯಿಂದ ಆಳದ ಹತ್ತರಲ್ಲಿ ಆರು ಪಾಲಿನಷ್ಟು ಕೆಳಗೆ ಕರೆಂಟ್ ಮೀಟರ್ (ಹರಿಯುವ ನೀರಿನ ವೇಗಮಾಪಕ) ಇಳಿಸಿ ವೇಗ ಅಳೆಯಬೇಕು. ಬೇರೆ ಬೇರೆ ಮಟ್ಟಗಳಲ್ಲಿ ಹೀಗೆ ಅಳೆದ ಮೇಲೆಯೇ ಮಟ್ಟಕ್ಕೂ ಹರಿವಿಗೂ ಇರುವ ಸಂಬಂಧದ ರೇಖೆ ಎಳೆಯಲು ಬರುತ್ತದೆ. ಗುಡ್ಡ ಕುಸಿದ ವರ್ಷ ಹೊಳೆಯ ತಳವೇ ಬದಲಾಗುವುದರಿಂದ ಹಳೆಯ ರೇಖೆ ಕೆಲಸಕ್ಕೆ ಬಾರದು, ಮತ್ತೆ ಅಳೆಯಲೇಬೇಕು. ಕೂಡಿಗೆಯಲ್ಲಿ ಕಾವೇರಿಗೆ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ವಿದ್ಯಾರ್ಥಿಗಳನ್ನು ಅನುಮತಿ ಪಡೆದು ಅಲ್ಲಿಗೆ ಒಂದು ದಿನ ಕರೆದುಕೊಂಡು ಹೋಗಿ. ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚು ಕಲಿಯುತ್ತಾರೆ.

ಉತ್ತರ 2: ಕರಾವಳಿ ನೀರಿನ ಸಂಶೋಧಕ, ಮಂಗಳೂರು

ಎಂಜಿನಿಯರ್ ಸರ್ ಹೇಳಿದ್ದು ಕಡಲ ತುದಿಗೂ ಅನ್ವಯಿಸುತ್ತದೆ. ಮೇಡಂ ಅವರ ವಿದ್ಯಾರ್ಥಿನಿಯ ಪ್ರಶ್ನೆಗೆ ಮಣ್ಣಿನ ಅಳತೆ ಬೇಕು, ಅದರಲ್ಲಿ ಎಡವುವ ಜಾಗಗಳು ಬಹಳ. ಒಬ್ಬರು ದಡದಲ್ಲಿ ನಿಂತು ಬಾಟಲಿ ಮುಳುಗಿಸಿ ಮೇಲಿನ ನೀರು ತುಂಬಿಕೊಳ್ಳುತ್ತಾರೆ. ಇನ್ನೊಬ್ಬರು ನಡುಹೊಳೆಯಲ್ಲಿ ಮೇಲಿನಿಂದ ತಳದವರೆಗಿನ ನೀರನ್ನು ಸೇರಿಸಿ ಹಿಡಿಯುತ್ತಾರೆ. ಮರಳು ತಳದ ಹತ್ತಿರವೇ ಸಾಗುವುದರಿಂದ ಮೊದಲನೆಯವರ ಲೆಕ್ಕ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಸಮಯದ ವಿಷಯ ಇನ್ನೂ ಮುಖ್ಯ. ನಮ್ಮ ಘಟ್ಟದ ಹೊಳೆಗಳು ವರ್ಷದ ಮಣ್ಣಿನ ಬಹುಪಾಲನ್ನು ಬೆರಳೆಣಿಕೆಯ ದಿನಗಳಲ್ಲಿ ಹೊತ್ತು ಹೋಗುತ್ತವೆ. ಪ್ರತಿ ಸೋಮವಾರ ತಪ್ಪದೆ ಒಂದು ಬಾಟಲಿ ಹಿಡಿದರೂ ಶುಕ್ರವಾರ ರಾತ್ರಿಯ ನೆರೆ ನಿಮ್ಮ ಪುಸ್ತಕದಲ್ಲಿ ಇರುವುದಿಲ್ಲ. ಹೊಳೆ ಏರುವಾಗ ಗಂಟೆಗೊಂದು ಬಾಟಲಿ ಹಿಡಿಯಲು ಸೇತುವೆಯ ಪಕ್ಕದಲ್ಲೇ ಮನೆ ಇರುವ ಒಬ್ಬರು ಬೇಕು. ಅವರಿಗೆ ಗೌರವಧನ ಕೊಡುವುದು ಸಾಧನ ಕೊಳ್ಳುವುದಕ್ಕಿಂತ ಒಳ್ಳೆಯ ಹೂಡಿಕೆ ಎಂದು ನಾನು ತಿಳಿದಿದ್ದೇನೆ.

ಅಳಿವೆಯಲ್ಲಿ ಉಪ್ಪಿನಂಶ ಅಳೆಯುವ ಸಾಧನಕ್ಕೆ ಕೆಲವೇ ವಾರಗಳಲ್ಲಿ ಪಾಚಿಯೂ ಚಿಪ್ಪೂ ಹತ್ತುತ್ತವೆ. ಉಜ್ಜಿ ತೊಳೆಯದಿದ್ದರೆ ಅದು ಸುಳ್ಳು ಹೇಳತೊಡಗುತ್ತದೆ, ಅದೂ ನಿಧಾನವಾಗಿ, ಯಾರಿಗೂ ಅನುಮಾನ ಬಾರದಂತೆ. ಹಾಗಾಗಿ ಇರುವ ಹಣದಲ್ಲಿ ಅರ್ಧವನ್ನಾದರೂ ನಿರ್ವಹಣೆಗೆ ಎತ್ತಿಡಿ.

ಹೊಳೆಯವರೂ ಕಡಲಿನವರೂ ಒಟ್ಟಿಗೆ ಕೂರಬೇಕಾದ ಕಾರಣಕ್ಕೆ ಕಪ್ಪು ಸಮುದ್ರವನ್ನು ಸೇರುವ ಯೂರೋಪಿನ ಡ್ಯಾನ್ಯೂಬ್ ನದಿ ಒಳ್ಳೆಯ ಉದಾಹರಣೆ. 1970 ಮತ್ತು 80ರ ದಶಕಗಳಲ್ಲಿ ಕಪ್ಪು ಸಮುದ್ರದ ವಾಯವ್ಯ ಅಂಚಿನಲ್ಲಿ ಪಾಚಿ ವಿಪರೀತವಾಗಿ ಬೆಳೆದು, ಕೊಳೆತು, ತಳದ ನೀರಿನಲ್ಲಿ ಆಮ್ಲಜನಕವಿಲ್ಲದೆ ಜೀವಿಗಳು ಸತ್ತವು. ಅದಕ್ಕೆ ಮುಖ್ಯ ಕಾರಣ ಕಡಲಿನಲ್ಲಿರಲಿಲ್ಲ. ನದಿ ಮೇಲಿನಿಂದ ಹೊತ್ತು ತಂದ ಸಾರಜನಕ, ರಂಜಕಗಳಲ್ಲಿತ್ತು. ಆ ಜಲಾನಯನ 19 ದೇಶಗಳಲ್ಲಿ ಹರಡಿಕೊಂಡಿದೆ. 1994ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ನದಿಯನ್ನು ಕಾಪಾಡುವ ಒಪ್ಪಂದವಾಯಿತು. 2001ರಲ್ಲಿ ಮೊದಲ ಜಂಟಿ ಸಮೀಕ್ಷೆ ನಡೆದು, ಒಂದೇ ತಂಡ ಒಂದೇ ವಿಧಾನದಿಂದ ಜರ್ಮನಿಯಿಂದ ನದೀಮುಖದವರೆಗೆ ಮಾದರಿ ಸಂಗ್ರಹಿಸಿತು. ನದಿಯನ್ನೂ ಕಡಲನ್ನೂ ಒಂದೇ ವ್ಯವಸ್ಥೆಯೆಂದು ನೋಡುವ ಡ್ಯಾನ್ಯೂಬಿಯಸ್ ಎಂಬ ಸಂಶೋಧನಾ ಜಾಲ, ರೊಮೇನಿಯಾದ ಮುಂದಾಳತ್ವದಲ್ಲಿ, 2016ರಲ್ಲಿ ಯೂರೋಪಿನ ಸಂಶೋಧನಾ ಮೂಲಸೌಕರ್ಯಗಳ ಅಧಿಕೃತ ಪಟ್ಟಿಗೆ ಸೇರಿತು. ಅವರ ಹಣ ನಮ್ಮಲ್ಲಿಲ್ಲ, ಆದರೆ ಒಂದು ಕೆಲಸವನ್ನು ನಾವು ಈ ವರ್ಷವೇ ಮಾಡಬಹುದು. ಸಂಪಾಜೆಯ ಒಂದೇ ಕೊಡ ನೀರನ್ನು ಚೆನ್ನಾಗಿ ಕಲಕಿ, ಮೂರು ಪಾಲು ಮಾಡಿ, ಮಡಿಕೇರಿ, ಮಂಗಳೂರು, ಕಾಸರಗೋಡಿನ ಮೂರು ಪ್ರಯೋಗಾಲಯಗಳಿಗೆ ಕಳುಹಿಸೋಣ. ಮೂವರೂ ಅದನ್ನು ಸೋಸಿ, 105 ಡಿಗ್ರಿಯಲ್ಲಿ ಒಣಗಿಸಿ, ತೂಕ ನೋಡಿ ಬರೆಯಲಿ. ಮೂರು ಉತ್ತರ ಎಷ್ಟು ದೂರ ನಿಲ್ಲುತ್ತವೆ ಎಂಬುದನ್ನು ತಿಳಿಯದೆ ಮುಂದಿನ ಹೆಜ್ಜೆ ಇಡುವುದು ಬೇಡ.

ಉತ್ತರ 3: ಕಾಫಿ ಮತ್ತು ಅಡಿಕೆ ಬೆಳೆಗಾರ, ಮದೆನಾಡಿನ ಹತ್ತಿರ

ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಮಳೆ ಬರೆದ ಪುಸ್ತಕಗಳಿವೆ. ಹೂ ಮಳೆ (ಕಾಫಿ ಗಿಡವನ್ನು ಹೂ ಬಿಡಿಸುವ ಮಳೆ) ಯಾವಾಗ ಬಿತ್ತು ಎಂಬುದು ಕಾಫಿಯವರಿಗೆ ಜೀವನದ ಪ್ರಶ್ನೆಯಾದ್ದರಿಂದ ಒಂದು ದಿನವೂ ಬಿಟ್ಟಿಲ್ಲ. ಇದನ್ನು ಕೊಡಲು ನನಗೆ ಸಂತೋಷವೇ, ಆದರೆ ಬಳಸುವವರು ಎರಡು ವಿಷಯ ತಿಳಿದಿರಬೇಕು. ನಮ್ಮ ನೂರು ಸೆಂಟು ಒಂದು ಇಂಚು, ಅಂದರೆ 25.4 ಮಿಲಿಮೀಟರ್, ಇದು ಸುಲಭ. ಕಷ್ಟದ್ದು ತಾರೀಖು. ಅಜ್ಜ 16ರ ಬೆಳಿಗ್ಗೆ ಏಳಕ್ಕೆ ಮಾಪಕ ನೋಡಿ, ಬಿದ್ದದ್ದು ನಿನ್ನೆಯ ಮಳೆ ಎಂದು 15ರ ಸಾಲಿನಲ್ಲಿ ಬರೆಯುತ್ತಿದ್ದರು. ಹವಾಮಾನ ಇಲಾಖೆಯವರು 16ರ ಬೆಳಿಗ್ಗೆ ಎಂಟೂವರೆಗೆ ಅಳೆದದ್ದನ್ನು 16ರದೆಂದೇ ಬರೆಯುತ್ತಾರೆ. ಎರಡನ್ನೂ ಹಾಗೆಯೇ ಸೇರಿಸಿದರೆ ಒಂದೇ ಮಳೆ ಎರಡು ದಿನ ಸುರಿದಂತೆ ಕಾಣುತ್ತದೆ.

ಇನ್ನೊಂದು ಮಾತನ್ನು ಬಿಚ್ಚಿ ಹೇಳಬೇಕು. ಹಿಂದೆ ಇಬ್ಬರು ಬಂದು ಪುಸ್ತಕಗಳ ಫೋಟೊ ತೆಗೆದುಕೊಂಡು ಹೋದವರು ಮತ್ತೆ ಒಂದು ಸಾಲನ್ನೂ ಬರೆಯಲಿಲ್ಲ. ಈ ಸಲ ಕೊಟ್ಟವರಿಗೆ ಅಂಕಿ ಮರಳಿ ಬರಬೇಕು, ಕನ್ನಡದಲ್ಲೂ ಮಲಯಾಳದಲ್ಲೂ ಬರಬೇಕು. ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ) ಕಾಲದಲ್ಲಿ ಕೊಲ್ಲಿಗಳ ನೀರಿನ ಪರೀಕ್ಷೆಯೂ ಆಗಲಿ. ನಮ್ಮ ತೋಟದ ಕೆಳಗಿನ ಕೊಲ್ಲಿಯಿಂದಲೇ ಮೊದಲ ಮಾದರಿ ತೆಗೆಯಿರಿ. ಫಲಿತಾಂಶವನ್ನು ಮೊದಲು ನಮಗೆ ತೋರಿಸಿ, ಸರಿಪಡಿಸಿಕೊಳ್ಳಲು ಒಂದು ಹಂಗಾಮು ಕೊಡಿ, ಆಮೇಲೆ ಎಲ್ಲರಿಗೂ ತೆರೆದಿಡಿ. ಇಷ್ಟನ್ನು ಬರಹದಲ್ಲಿ ಒಪ್ಪಿಕೊಂಡರೆ ನಮ್ಮ ಕಡೆಯ ಇನ್ನೂ ಏಳೆಂಟು ಮನೆಯವರ ಪುಸ್ತಕಗಳನ್ನು ನಾನೇ ಕೇಳಿ ತರಿಸುತ್ತೇನೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ವಂದನೆಗಳು. ನಾನು ಸಾಧನದ ಬೆಲೆಪಟ್ಟಿ ತರಿಸಿ ಕುಳಿತಿದ್ದೆ, ಅದನ್ನು ಸದ್ಯಕ್ಕೆ ಎತ್ತಿಟ್ಟಿದ್ದೇನೆ. ಬೆಳೆಗಾರ ಸರ್ ಹೇಳಿದ ಷರತ್ತುಗಳನ್ನು ಒಂದು ಪುಟದ ಒಪ್ಪಂದವಾಗಿ ಬರೆದು ಇಲ್ಲೇ ಹಾಕುತ್ತೇನೆ, ಮಲಯಾಳಕ್ಕೆ ಅನುವಾದಿಸಲು ಕಾಸರಗೋಡಿನ ಕನ್ನಡಿಗರು ಯಾರಾದರೂ ನೆರವಾಗಬೇಕು. ಹಂಗಾಮು ಎಂದರೆ ಎಷ್ಟು ತಿಂಗಳು ಎಂಬುದನ್ನು ಅವರೇ ತಿಳಿಸಲಿ. ಒಂದು ಕೊಡ ನೀರನ್ನು ಮೂರು ಪಾಲು ಮಾಡುವ ಕೆಲಸವನ್ನು ನನ್ನ ವಿದ್ಯಾರ್ಥಿಗಳು ವಹಿಸಿಕೊಂಡಿದ್ದಾರೆ.

ಎಂಜಿನಿಯರ್ ಸರ್ ಅವರಲ್ಲಿ ಒಂದು ವಿನಂತಿ. ಆ ಹಳೆಯ ಸಾಧನದ ಕಬ್ಬಿಣದ ಚೌಕಟ್ಟು ಸೇತುವೆಯಡಿ ಇನ್ನೂ ಇದೆ, ಕಂಬದಲ್ಲಿ ಬಣ್ಣ ಮಾಸಿದ ಗೇಜಿನ ಗುರುತುಗಳೂ ಕಾಣುತ್ತವೆ. ಡಂಪಿ ಲೆವೆಲ್ ಇಲ್ಲಿ ಎರವಲು ಸಿಗುತ್ತದೆ. ನೀರು ಇಳಿದ ಮೇಲೆ ಒಂದು ಭಾನುವಾರ ತಾವು ಬರುವುದಾದರೆ, ಬೆಂಚ್‌ಮಾರ್ಕ್ ಕೆತ್ತುವ ಕಲ್ಲುಕುಟಿಗರನ್ನು ನಾನು ಹೇಳಿ ಇರಿಸುತ್ತೇನೆ.