ಕಾಫಿಯಲ್ಲಿ ರೀಲು ತೊಳೆಯೋದು: ಜೆನಿತ್-ಇ, ಹೆಲಿಯೋಸ್ 44-2 ಮತ್ತು ಒಂದು ಹಳೇ 'ಇಂದು' ರೀಲು

ಅಡಿಕೆತೋಟ (ಸಾಗರ):

ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪನ ಜೆನಿತ್-ಇ ಕ್ಯಾಮೆರಾ ಈಗ ನನ್ನ ಕೈಗೆ ಬಂದಿದೆ, ಜೊತೆಗೆ ಹೆಲಿಯೋಸ್ 44-2 ಲೆನ್ಸ್. ಷಟರ್ ಚೆನ್ನಾಗಿ ಬೀಳುತ್ತೆ. ಲೆನ್ಸ್ ಒಳಗೆ ಅಂಚಿನಲ್ಲಿ ಮಾತ್ರ ಎಳೆ ಎಳೆಯಾಗಿ ಬೂಷ್ಟು ಹಿಡಿದಿದೆ. ಫೋಮಾಪ್ಯಾನ್ 100 ಕಪ್ಪು-ಬಿಳುಪು ರೀಲು ತರಿಸಿದ್ದೀನಿ, ಫೋಟೋ ಮೂಡಿಸೋ ಡೆವಲಪರ್ ದ್ರಾವಣದ ಬದಲು ಮನೆಯಲ್ಲೇ ಕಾಫಿಯಲ್ಲಿ ತೊಳೆಯೋಣ ಅಂತ ಆಸೆ. ಫಿಲ್ಟರ್ ಕಾಫಿ ಡಿಕಾಕ್ಷನ್ ಗಟ್ಟಿಯಾಗಿ ಹಾಕಿದರೆ ಸಾಕಾ? ಜೊತೆಗೆ ಸೋಡಾನೂ ಹಾಕಬೇಕಂತೆ, ಅದು ಅಡುಗೆ ಸೋಡಾನಾ?

ಇನ್ನೊಂದು ವಿಷಯ. ಕ್ಯಾಮೆರಾ ಜೊತೆ ಒಂದು ಡಬ್ಬಿಯಲ್ಲಿ ಫೋಟೋ ತೆಗೆದು ಸುತ್ತಿಟ್ಟ 'ಇಂದು' ಕಪ್ಪು-ಬಿಳುಪು ರೀಲು ಸಿಕ್ಕಿತು. ಫಿಲಂನ ಬಾಲ ಪೂರ್ತಿ ಒಳಗೆ ಹೋಗಿದೆ. ಅದರಲ್ಲಿ ಅಜ್ಜಿಯ ಫೋಟೋ ಇರಬಹುದು ಅಂತ ಅಮ್ಮನಿಗೆ ಅನ್ನಿಸಿದೆ. ಅದನ್ನೂ ಕಾಫಿಯಲ್ಲೇ ತೊಳೆಯಲಾ?

ಕೆಂಪುದೀಪ (ಮೈಸೂರು):

ಮೊದಲು ಕೊನೆಯ ಪ್ರಶ್ನೆಗೆ ಬರ್ತೀನಿ. ದಯವಿಟ್ಟು ಆ ಇಂದು ರೀಲಿಗೆ ಈಗಲೇ ಕೈ ಹಾಕಬೇಡಿ. ಗಾಳಿಯಾಡದ ಕವರ್‌ನಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಮಾಲು. 1960ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ, ಈಗ ಮುಚ್ಚಿಹೋಗಿದೆ. ಅಷ್ಟು ಹಳೇ ರೀಲಿಗೆ ಬೆಳಕು ತಾಗದಿದ್ದರೂ ವಯಸ್ಸಿಗೇ ಮಬ್ಬು ಕವಿದಿರುತ್ತೆ. ಕಾಫಿ ಆ ಮಬ್ಬನ್ನು ಇನ್ನಷ್ಟು ಏರಿಸುತ್ತೆ. ಫೋಮಾ ರೀಲುಗಳಲ್ಲಿ ಕೈ ಕುದುರಲಿ. ಆಮೇಲೆ ಎಚ್‌ಸಿ-110 ಅನ್ನೋ ಡೆವಲಪರ್ ತರಿಸಿ. ಮಬ್ಬು ಕಮ್ಮಿ ಬರುತ್ತೆ ಅಂತ ಹಳೇ ರೀಲು ತೊಳೆಯೋರು ಅದನ್ನೇ ಹಿಡಿಯುತ್ತಾರೆ. ಕತ್ತಲಲ್ಲಿ ಬಾಲದ ಕಡೆಯಿಂದ ಒಂದು ಗೇಣು ಕತ್ತರಿಸಿ, ಅದನ್ನು ಮೊದಲು ತೊಳೆದು ನೋಡಿ. ಒಂದೆರಡು ಫೋಟೋ ಹೋಗಬಹುದು, ಆದರೆ ಉಳಿದವಕ್ಕೆ ಎಷ್ಟು ನಿಮಿಷ ಬೇಕು ಅಂತ ಗೊತ್ತಾಗುತ್ತೆ. ಅಜ್ಜಿಯ ಇನ್ನೊಂದು ಫೋಟೋ ಎಲ್ಲೂ ಸಿಗಲ್ಲ ಅಲ್ವಾ, ಅದಕ್ಕೇ ಇಷ್ಟು ಹೇಳಿದ್ದು.

ಈಗ ಕಾಫಿ. 1995ರಲ್ಲಿ ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಒಂದು ತರಗತಿಯಲ್ಲಿ ಇದು ಶುರುವಾಯ್ತು. ಕೆಲಸ ಮಾಡೋದು ಕಾಫಿಯಲ್ಲಿರೋ ಕೆಫೀಕ್ ಆಮ್ಲ ಮತ್ತು ಅದರ ಬಂಧುಗಳು. ಕೆಫೀನ್‌ಗೂ ಇದಕ್ಕೂ ಸಂಬಂಧ ಇಲ್ಲ. ಅರೇಬಿಕಾಗಿಂತ ರೋಬಸ್ಟಾದಲ್ಲಿ ಆ ಆಮ್ಲಗಳು ಜಾಸ್ತಿ, ಹಾಗಾಗಿ ಅಗ್ಗದ ಇನ್‌ಸ್ಟಂಟ್ ಪುಡಿಯೇ ಒಳ್ಳೇದು. ಡಿಕಾಕ್ಷನ್ ಬೇಡ. ಅದರ ಗಟ್ಟಿ ದಿನಕ್ಕೊಂದು ಥರ ಇರುತ್ತೆ, ಪುಡಿಯಲ್ಲಿ ಚಿಕೋರಿಯೂ ಸೇರಿರುತ್ತೆ. ಬ್ರೂ, ಸನ್‌ರೈಸ್‌ನಲ್ಲೂ ಚಿಕೋರಿ ಇದೆ. ಪೊಟ್ಟಣದ ಹಿಂದೆ ಬರೀ ಕಾಫಿ ಅಂತ ಬರೆದಿದ್ದನ್ನು ನೋಡಿ ತನ್ನಿ.

ಅಡುಗೆ ಸೋಡಾ ಖಂಡಿತ ಬೇಡ. ಬಟ್ಟೆ ಒಗೆಯೋ ವಾಷಿಂಗ್ ಸೋಡಾ ಬೇಕು. ಎಡವೋದು ಇಲ್ಲೇ. ಅಂಗಡಿಯಲ್ಲಿ ಕೊಡೋದು ಹೊಳೆಯೋ ಹರಳಾಗಿದ್ದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಅದನ್ನು ಸ್ಟೀಲ್ ಪಾತ್ರೆಯಲ್ಲಿ ಹಾಕಿ ಸಣ್ಣ ಉರಿಯಲ್ಲಿಡಿ. ಅಲ್ಯೂಮಿನಿಯಂ ಬೇಡ, ಸೋಡಾ ಅದನ್ನು ತಿನ್ನುತ್ತೆ. ಹರಳು ಮೊದಲು ತನ್ನ ನೀರಲ್ಲೇ ಕರಗಿ ಪಾತ್ರೆ ತುಂಬ ನೀರಾಗುತ್ತೆ. ಬಿಡದೆ ಕೈಯಾಡಿಸಿ. ನಿಧಾನಕ್ಕೆ ಗಟ್ಟಿಯಾಗಿ, ತಳ ಬಿಟ್ಟು, ಕೊನೆಗೆ ಸುಣ್ಣದ ಪುಡಿಯಂಥ ಬಿಳಿ ಹಿಟ್ಟು ಉಳಿಯುತ್ತೆ. ಆ ಹಿಟ್ಟನ್ನೇ ತೂಗಬೇಕು.

ಪ್ಯಾಟರ್ಸನ್ ಟ್ಯಾಂಕಿಗೆ (ರೀಲು ತೊಳೆಯೋ, ಬೆಳಕು ಹೋಗದ ಡಬ್ಬಿ) 300 ಮಿಲಿ ನೀರು ಸಾಕು. ಸೋಡಾ ಹಿಟ್ಟು 16 ಗ್ರಾಂ, ವಿಟಮಿನ್ ಸಿ ಪುಡಿ 5 ಗ್ರಾಂ, ಕಾಫಿ 12 ಗ್ರಾಂ. ಚಮಚದ ಲೆಕ್ಕ ಬೇಡ, ತೂಕದ ಯಂತ್ರ ಇರಲಿ. ಚೀಪೋ ಮಾತ್ರೆಯಲ್ಲಿ ಸಕ್ಕರೆ, ಬಣ್ಣ ಇರುತ್ತೆ, ಶುದ್ಧ ಆಸ್ಕಾರ್ಬಿಕ್ ಆಮ್ಲದ ಪುಡಿಯನ್ನೇ ತನ್ನಿ. ಸೋಡಾ ಪೂರ್ತಿ ಕರಗಿದ ಮೇಲೆ ವಿಟಮಿನ್ ಸಿ ಹಾಕಿ, ನೊರೆ ಬಂದು ಇಳಿಯುತ್ತೆ. ಆಮೇಲೆ ಕಾಫಿ. ಐದು ನಿಮಿಷ ಬಿಟ್ಟು 20 ಡಿಗ್ರಿಗೆ ತಂದು ಟ್ಯಾಂಕಿಗೆ ಸುರಿಯಿರಿ. 15 ನಿಮಿಷ. ಮೊದಲ ಅರ್ಧ ನಿಮಿಷ ಬಿಡದೆ, ಆಮೇಲೆ ನಿಮಿಷಕ್ಕೆ ಮೂರು ಸಲ ಟ್ಯಾಂಕು ಮಗುಚಿದರೆ ಆಯ್ತು. ವಾಸನೆ ಕೆಟ್ಟದಾಗಿರುತ್ತೆ, ಕಿಟಕಿ ತೆಗೆದಿಡಿ.

ಫಿಲಂ ಅನ್ನು ಟ್ಯಾಂಕಿನ ಸುರುಳಿಗೆ ಸುತ್ತೋದು ಕತ್ತಲಲ್ಲಿ ಮಾಡೋ ಕೆಲಸ, ಅದನ್ನು ಹಾಳಾದ ಫಿಲಂ ಇಟ್ಟುಕೊಂಡು ಮೊದಲು ಕಣ್ಣು ಬಿಟ್ಟು, ಆಮೇಲೆ ಮುಚ್ಚಿ ಅಭ್ಯಾಸ ಮಾಡಿ. ತುದಿಯ ಎರಡು ಮೂಲೆ ಸ್ವಲ್ಪ ಕತ್ತರಿಸಿದರೆ ಸಲೀಸಾಗಿ ಒಳಗೆ ಹೋಗುತ್ತೆ. ನಿಮ್ಮ ಕಡೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುರುಳಿಗೆ ತೇವ ತಾಗಿದರೆ ಫಿಲಂ ಅರ್ಧದಲ್ಲೇ ಕಚ್ಚಿಕೊಳ್ಳುತ್ತೆ. ಸುರುಳಿಯನ್ನು ಹಿಂದಿನ ದಿನವೇ ಚೆನ್ನಾಗಿ ಒಣಗಿಸಿಡಿ.

ಆಮೇಲೆ ಮೂಡಿದ ಫೋಟೋ ಬೆಳಕಿಗೆ ಹಾಳಾಗದ ಹಾಗೆ ನಿಲ್ಲಿಸೋಕೆ ಹೈಪೋ (ಫಿಕ್ಸರ್) ಬೇಕು, ಅದರ ಬದಲಿಗೆ ಅಡುಗೆಮನೆಯ ಯಾವುದೂ ಆಗಲ್ಲ. ಲೀಟರಿಗೆ 250 ಗ್ರಾಂ ಹಾಕಿ. ಕರಗುವಾಗ ನೀರು ತಣ್ಣಗಾಗುತ್ತೆ, ಬೆಚ್ಚಗಿನ ನೀರಲ್ಲಿ ಶುರು ಮಾಡಿ. ಒಂದು ತುಂಡು ಫಿಲಂ ಮುಳುಗಿಸಿ, ಅದು ತಿಳಿಯಾಗೋಕೆ ಹಿಡಿದ ಸಮಯದ ಎರಡರಷ್ಟು ರೀಲಿಗೆ ಕೊಡಿ. ಬಳಸಿದ ಹೈಪೋದಲ್ಲಿ ಬೆಳ್ಳಿ ಇರುತ್ತೆ. ಬಾವಿ ಹತ್ತಿರ, ತೋಟದಲ್ಲಿ ಚೆಲ್ಲಬೇಡಿ, ಕ್ಯಾನ್‌ನಲ್ಲಿ ತುಂಬಿಡಿ. ಕೊನೆಯ ಸಲ ಜಾಲಾಡೋಕೆ ಗ್ಯಾರೇಜಿನಲ್ಲಿ ಸಿಗೋ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ) ಬಳಸಿ, ಕಲೆ ಉಳಿಯಲ್ಲ.

ಮಳೆನಾಡು (ಶಿರಸಿ):

ಲೆನ್ಸ್ ಬಗ್ಗೆ ನಾನು ಹೇಳ್ತೀನಿ. ಅಂಚಿನ ಎಳೆಗಳಿಂದ ಅಂಥ ತೊಂದರೆ ಇಲ್ಲ, ಬೆಳಕಿಗೆ ಎದುರು ಹಿಡಿದಾಗ ಸ್ವಲ್ಪ ಬಿಳಿಚಿಕೊಳ್ಳಬಹುದು ಅಷ್ಟೇ. ಬೆಳೆಯದ ಹಾಗೆ ನೋಡಿಕೊಳ್ಳಿ. ಚರ್ಮದ ಚೀಲದಲ್ಲಿ ಇಡಲೇಬೇಡಿ, ಚರ್ಮ ತೇವ ಹಿಡಿಯುತ್ತೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್.

ಹೆಲಿಯೋಸ್‌ಗೆ ಎರಡು ರಿಂಗ್ ಇದೆ. ಒಂದರಲ್ಲಿ ಎಫ್ ನಂಬರ್ (ಲೆನ್ಸಿನ ಕಂಡಿ ಎಷ್ಟು ತೆರೆದಿರಬೇಕು ಅನ್ನೋದು) ಗೊತ್ತು ಮಾಡಿಡೋದು, ಇನ್ನೊಂದರಲ್ಲಿ ಕಂಡಿ ತೆರೆದು ಮುಚ್ಚೋದು. ತೆರೆದು ಫೋಕಸ್ ಮಾಡಿ, ಬಟನ್ ಒತ್ತುವ ಮುಂಚೆ ಆ ನಂಬರಿನವರೆಗೆ ಮುಚ್ಚಿ. ಇದು ಜರ್ಮನಿಯ ಝೈಸ್ ಕಂಪನಿಯ ಬಯೋಟಾರ್ ಲೆನ್ಸಿನ ವಿನ್ಯಾಸದ್ದು. ಎಫ್2ರಲ್ಲಿ ಹಿನ್ನೆಲೆ ಸುತ್ತಿಕೊಂಡು ಬರೋದೇ ಇದರ ಚಂದ. ಅದಕ್ಕೆ ಅಡಿಕೆ ತೋಟಕ್ಕಿಂತ ಒಳ್ಳೇ ಜಾಗ ಇಲ್ಲ. ಆಳನ್ನು ಎರಡು ಮೀಟರ್ ದೂರ ನಿಲ್ಲಿಸಿ, ಹಿಂದೆ ಸೋಗೆ ಸಂದಿಯಿಂದ ಆಕಾಶ ಚೂರು ಚೂರು ಕಾಣಲಿ. ನಡುವಿನ ಚುಕ್ಕೆ ದುಂಡಗೆ ಉಳಿಯುತ್ತೆ, ಅಂಚಿನವು ನಿಂಬೆಕಾಯಿ ಆಕಾರಕ್ಕೆ ಚಪ್ಪಟೆಯಾಗಿ ಮುಖದ ಸುತ್ತ ತಿರುಗಿದ ಹಾಗೆ ಬರುತ್ತೆ. ಕ್ಯಾಮೆರಾದಲ್ಲಿ ಬೆಳಕು ಅಳೆಯೋ ಮೀಟರ್ ಸೆಲೆನಿಯಂದು, ಇಷ್ಟು ವರ್ಷದ ಮೇಲೆ ಅದನ್ನು ನಂಬಬೇಡಿ. ಫೋಮಾ 100ಕ್ಕೆ ದಟ್ಟ ನೆರಳಲ್ಲಿ ಎಫ್4, ಷಟರ್ 1/125 ಸೆಕೆಂಡ್. ಎಫ್2 ಬೇಕಂದ್ರೆ 1/500, ಜೆನಿತ್‌ನಲ್ಲಿ ಅದೇ ಕೊನೆ. ಬಿಸಿಲಲ್ಲಿ ಎಫ್2 ಆಸೆ ಬಿಡಿ.

ಬಿಸಿಲೂರು (ಕಲಬುರಗಿ):

ಕೆಂಪುದೀಪ ಅವರು 20 ಡಿಗ್ರಿ ಅಂದ್ರು. ನಮ್ಮ ಕಡೆ ಬೇಸಿಗೆಯಲ್ಲಿ ನಲ್ಲಿ ನೀರೇ ಸುಡುತ್ತದೆ ರೀ. ನಾನು ಮಣ್ಣಿನ ಕೊಡದ ನೀರು ತಗೊಂಡು, ಟ್ಯಾಂಕನ್ನು ಐಸ್ ಹಾಕಿದ ಬಕೆಟ್‌ನಲ್ಲಿ ಇಡುತ್ತೇನೆ. ಅಷ್ಟಕ್ಕೂ ಇಳಿಯದಿದ್ದರೆ ಡಿಗ್ರಿಗೆ ಸುಮಾರು 10 ಶೇಕಡ ಸಮಯ ಕಮ್ಮಿ ಮಾಡ್ರಿ. 24 ಇದ್ದರೆ 10 ನಿಮಿಷದ ಹತ್ತಿರ. ಹೈಪೋ, ತೊಳೆಯೋ ನೀರು ಎಲ್ಲ ಅದೇ ಬಿಸಿಯಲ್ಲಿ ಇರಲಿ.

ಅಡಿಕೆತೋಟ:

ತುಂಬಾ ಥ್ಯಾಂಕ್ಸ್. ಇಂದು ರೀಲು ಫ್ರಿಜ್‌ಗೆ ಹೋಯ್ತು, ಅಮ್ಮನಿಗೂ ಹೇಳಿದ್ದೀನಿ. ಹೈಪೋ ಸಾಗರದಲ್ಲಿ ಎಲ್ಲಿ ಕೇಳಲಿ?

ಕೆಂಪುದೀಪ:

ಅಕ್ವೇರಿಯಂ ಅಂಗಡಿಯಲ್ಲಿ ಕೇಳಿ, ನೀರಿನ ಕ್ಲೋರಿನ್ ತೆಗೆಯೋಕೆ ಮಾರುತ್ತಾರೆ. ಬಣ್ಣ ಬೆರೆಸಿದ ದ್ರಾವಣ ಬೇಡ, ಬಿಳಿ ಹರಳನ್ನೇ ತನ್ನಿ. ಸಿಗದಿದ್ದರೆ ಶಿವಮೊಗ್ಗದಲ್ಲಿ ಕಾಲೇಜುಗಳಿಗೆ ಲ್ಯಾಬ್ ಕೆಮಿಕಲ್ ಕೊಡುವ ಅಂಗಡಿ ಹುಡುಕಿ, ಸೋಡಿಯಂ ಥಯೋಸಲ್ಫೇಟ್ ಅಂತ ಕೇಳಿ.