ಥಿಯೇಟರ್‌ನಲ್ಲಿ ಏಳುವ ಆ ‘ಹೋ’ಗೆ ಏನು ಹೇಳೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಚಾರಕ್ಕೆ ನಿಮ್ಮ ಸಹಾಯ ಬೇಕಿದೆ. ಒಂದೇ ಪದ ಅಂತ ಶುರು ಮಾಡಿದ್ದು, ಕೆದಕಿದಷ್ಟೂ ಹೊಸ ಹೊಸದು ಎದ್ದು ಬಂತು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಕಾಮಿಕ್ಸ್‌ನಿಂದ ಬಂದ ಸೂಪರ್‌ಹೀರೋ ಸಿನಿಮಾಗಳನ್ನು ಅಮೆರಿಕದ ಪ್ರೇಕ್ಷಕರು ಹೇಗೆ ಬರಮಾಡಿಕೊಂಡರು ಅನ್ನೋದರ ಮೇಲೆ ಒಂದು ಲೇಖನ ಬರೆಯುತ್ತಿದ್ದೇನೆ. ನಡುವೆ ಇರೋದು ‘ಅವೆಂಜರ್ಸ್: ಎಂಡ್‌ಗೇಮ್’. 2019ರ ಏಪ್ರಿಲ್‌ನಲ್ಲಿ ಬಂದ, ಮೂರು ಗಂಟೆ ಒಂದು ನಿಮಿಷದ ಸಿನಿಮಾ. ಮೊದಲ ದಿನದ ಷೋಗಳಲ್ಲಿ ಕೆಲವರು ಫೋನ್‌ನಲ್ಲಿ ಹಿಡಿದುಕೊಂಡ ಸದ್ದು ಆಮೇಲೆ ಯೂಟ್ಯೂಬ್ ತುಂಬ ಹರಿದಾಡಿತು. ಹಾಗೆ ರೆಕಾರ್ಡ್ ಮಾಡೋದು ತಪ್ಪು, ಅದು ಬೇರೆ ಮಾತು. ಜನ ಅದನ್ನು ಹುಡುಕಿಕೊಂಡು ಹೋದದ್ದು ಸಿನಿಮಾ ನೋಡಲಿಕ್ಕಲ್ಲ, ಕತ್ತಲಲ್ಲಿ ಕೂತವರ ಕೂಗು ಕೇಳಲಿಕ್ಕೆ.

ಅದರಲ್ಲೂ ಎಲ್ಲರೂ ಹುಡುಕುವ ಜಾಗ ಒಂದಿದೆ. ಕೊನೆಯ ಕಾಳಗ. ಖಳನಾಯಕ ಥಾನೋಸ್, ಸೂಪರ್‌ಹೀರೋಗಳಲ್ಲಿ ಒಬ್ಬನಾದ ಥಾರ್‌ನನ್ನು ಕೆಡವಿಕೊಂಡು, ಅವನದೇ ಕೊಡಲಿಯನ್ನು ಅವನ ಎದೆಗೆ ಒತ್ತುತ್ತಿದ್ದಾನೆ. ಹಿಂದೆ ನೆಲದ ಮೇಲೆ ಬಿದ್ದಿದ್ದ ಥಾರ್‌ನ ಸುತ್ತಿಗೆ ಮೆಲ್ಲಗೆ ಮೇಲೇಳುತ್ತದೆ. ಥಿಯೇಟರ್‌ನಲ್ಲಿ ಗುಜುಗುಜು. ಸುತ್ತಿಗೆ ಹಾರಿ ಬಂದು ಥಾನೋಸ್‌ಗೆ ಬಡಿಯುತ್ತದೆ. ಗುಜುಗುಜು ಏರುತ್ತದೆ. ಸುತ್ತಿಗೆ ವಾಪಸ್ ಹಾರುತ್ತದೆ, ಕ್ಯಾಮೆರಾ ಅದರ ಹಿಂದೆಯೇ ಓಡುತ್ತದೆ, ಒಂದು ಕೈ ಅದನ್ನು ಗಪ್ ಅಂತ ಹಿಡಿಯುತ್ತದೆ. ಕೈ ಥಾರ್‌ನದಲ್ಲ, ಅವನ ಜೊತೆಗಾರ ಕ್ಯಾಪ್ಟನ್ ಅಮೆರಿಕನದು. ಆಗ ಏಳುತ್ತದಲ್ಲ, ಅದಕ್ಕೆ ಏನೆನ್ನೋಣ? ‘ನಂಗೊತ್ತಿತ್ತು!’ ಅಂತ ಥಾರ್ ಕಿರುಚುತ್ತಾನೆ. ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ಆ ಮಾತು ಕಿವಿಗೆ ಬೀಳೋದೇ ಕಷ್ಟ.

ಇಂಗ್ಲಿಷಿನವರು ‘ಚಿಯರ್’ ಅಂದು ಮುಗಿಸುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ‘ಹರ್ಷೋದ್ಗಾರ’ ಇದೆ. ಆ ಪದದ ಮೇಲೆ ನನಗೇನೂ ಸಿಟ್ಟಿಲ್ಲ, ಆದರೆ ಅದು ಟಿಕೆಟ್ ತಗೊಂಡು ಥಿಯೇಟರ್ ಒಳಗೆ ಹೋದ ಪದ ಅಲ್ಲ. ತಂಡ ಕಪ್ ಗೆದ್ದಾಗ, ತೇರು ಎಳೆದಾಗ ವರದಿಯಲ್ಲಿ ಬರುತ್ತದೆ, ಅಷ್ಟೇ. ‘ನಿನ್ನೆ ಸಿನಿಮಾದಲ್ಲಿ ಜನ ಹರ್ಷೋದ್ಗಾರ ಮಾಡಿದರು’ ಅಂತ ಮನೆಯಲ್ಲಿ ಹೇಳಿ ನೋಡಿ, ನಗ್ತಾರೆ. ಇನ್ನು ‘ಪ್ರೇಕ್ಷಕರ ಪ್ರತಿಕ್ರಿಯೆ’ ಅನ್ನೋದಂತೂ ಕೂಗಿಗೂ ಅಳುವಿಗೂ ಬೈಗುಳಕ್ಕೂ ಒಂದೇ ಚೀಟಿ ಅಂಟಿಸಿಬಿಡುತ್ತದೆ.

ಸರಿ, ಬಾಯಲ್ಲಿ ಆಡುವ ಪದಗಳು ಏನಿವೆ ಅಂತ ನೋಡಿದೆ. ಬೇಕಾದಷ್ಟಿವೆ. ಶಿಳ್ಳೆ, ಚಪ್ಪಾಳೆ, ಕೇಕೆ, ಕೂಗು, ಬೊಬ್ಬೆ, ಹುಯಿಲು, ಗುಲ್ಲು. ‘ಹೋ ಅಂದರು’ ಅನ್ನೋದೂ ಇದೆ. ಇವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಇವೆಲ್ಲ ಸದ್ದಿನ ಹೆಸರುಗಳು. ಬಾಯಿ ಏನು ಮಾಡಿತು, ಕೈ ಏನು ಮಾಡಿತು ಅಂತ ಹೇಳುತ್ತವೆ. ಮನಸ್ಸಿನಲ್ಲಿ ಸಂತೋಷ ಇತ್ತೋ, ಸಿಟ್ಟಿತ್ತೋ, ಕುಚೋದ್ಯ ಇತ್ತೋ, ಹೇಳೋದಿಲ್ಲ. ‘ಚಿಯರ್’ ಅಂದರೆ ಸಂತೋಷ ಪದದ ಒಳಗೇ ಕೂತಿದೆ. ‘ಬೂ’ ಅಂದರೆ ಸಿಟ್ಟು ಒಳಗೇ ಇದೆ. ನಮ್ಮ ‘ಹೋ’ ನೋಡಿ: ಹೀರೋ ಬಂದಾಗಲೂ ಹೋ, ನಡುವೆ ಕರೆಂಟ್ ಹೋದಾಗಲೂ ಹೋ, ಹೋದ ಕರೆಂಟ್ ವಾಪಸ್ ಬಂದಾಗಲೂ ಹೋ.

ಶಿಳ್ಳೆಯದೂ ಇದೇ ಕತೆ. ಕೆ.ಜಿ. ರಸ್ತೆಯ ಥಿಯೇಟರ್‌ನಲ್ಲಿ ಹೀರೋ ಎಂಟ್ರಿಗೆ ಬಿದ್ದರೆ ಅದು ಪ್ರೀತಿ. ಎಳೆದೆಳೆದು ಸಾಕಾದ ಅಳುವಿನ ಸೀನ್‌ಗೆ ಬಿದ್ದರೆ ಗೇಲಿ. ಯುರೋಪಿನ ಫುಟ್‌ಬಾಲ್ ಮೈದಾನಗಳಲ್ಲಂತೂ ಸಾವಿರಾರು ಜನ ಒಟ್ಟಿಗೆ ಶಿಳ್ಳೆ ಹಾಕಿದರೆ ಅದು ಬೈಗುಳವೇ. ಹಾಗಾಗಿ ಬರೀ ‘ಶಿಳ್ಳೆ ಹೊಡೆದರು’ ಅಂತ ಬರೆದರೆ ಓದುವವರು ಯಾವ ಕಡೆ ತಿಳಿಯಬೇಕು?

ಇಲ್ಲಿ ನನಗೆ ಹೊಳೆದದ್ದು ಹೇಳುತ್ತೇನೆ, ಸರಿಯೋ ತಪ್ಪೋ ನೀವು ನೋಡಿ. ಕನ್ನಡ ಈ ಭಾವವನ್ನು ನಾಮಪದದಲ್ಲಿ ಇಡೋದಿಲ್ಲ, ಕ್ರಿಯಾಪದದಲ್ಲಿ ಇಡುತ್ತದೆ. ‘ಆ ಡೈಲಾಗ್ ಶಿಳ್ಳೆ ಗಿಟ್ಟಿಸಿತು’ ಅಂದರೆ ಅನುಮಾನವೇ ಇಲ್ಲ, ಮೆಚ್ಚುಗೆ. ‘ಚಪ್ಪಾಳೆ ಗಿಟ್ಟಿಸಿತು’ ಅಂತೀವಿ, ‘ಬೈಗುಳ ಗಿಟ್ಟಿಸಿತು’ ಅಂದರೆ ಅದು ವ್ಯಂಗ್ಯ. ‘ಬೈಗುಳ ತಿಂದ’ ಅಂತೀವಿ, ‘ಚಪ್ಪಾಳೆ ತಿಂದ’ ಅನ್ನೋದಿಲ್ಲ. ‘ಕೂಗಿದರು’ ಯಾವ ಕಡೆಗೂ ವಾಲುವುದಿಲ್ಲ, ‘ಕೂಗಾಡಿದರು’ ಅಂದ ಕೂಡಲೇ ಸಿಟ್ಟು ಬಂತು. ಒಂದು ‘ಆಡು’ ಸೇರಿದ್ದಕ್ಕೆ ಎಷ್ಟು ವ್ಯತ್ಯಾಸ ನೋಡಿ. ಹಾಗಾದರೆ ‘ಚಿಯರ್’ಗೆ ಒಂದು ನಾಮಪದ ಹುಡುಕೋ ಬದಲು ವಾಕ್ಯವನ್ನೇ ತಿರುಗಿಸಿ, ‘ಸುತ್ತಿಗೆ ಕೈಗೆ ಬಂದದ್ದೇ ತಡ, ಇಡೀ ಥಿಯೇಟರ್ ಕೇಕೆ ಹಾಕಿತು’ ಅಂತ ಬರೆಯಬಹುದಲ್ವಾ?

ಕೇಕೆ ಯಾಕೆ ಅಂದರೆ, ಜಾತ್ರೆಯಲ್ಲಿ, ಕುಣಿತದಲ್ಲಿ ಹುಮ್ಮಸ್ಸು ಉಕ್ಕಿದಾಗ ಹಾಕೋದು ಅದನ್ನೇ. ಸಂಸ್ಕೃತದಲ್ಲಿ ನವಿಲಿನ ಕೂಗು ‘ಕೇಕಾ’, ನಮ್ಮಲ್ಲೂ ನವಿಲಿನ ಕೇಕೆ ಅನ್ನೋದುಂಟು. ಆದರೆ ಒಂದು ತೊಡಕಿದೆ. ‘ಕೇಕೆ ಹಾಕಿ ನಕ್ಕ’ ಅಂದರೆ ನಕ್ಕವನು ರಾಕ್ಷಸನೇ ಅಂತ ಓದುಗರು ತೀರ್ಮಾನ ಮಾಡಿಬಿಡುತ್ತಾರೆ. ಪರದೆಯ ಮೇಲೆ ಥಾನೋಸ್‌ನಂಥವನು ನಿಂತಿರುವಾಗ ಕೇಕೆ ಯಾರದು ಅಂತ ಗೊಂದಲ ಆಗಬಾರದು. ‘ಜನ’ ಅಂತಲೋ ‘ಥಿಯೇಟರ್’ ಅಂತಲೋ ಮೊದಲೇ ಹೇಳಿಬಿಟ್ಟರೆ ಸಾಕು ಅನಿಸುತ್ತದೆ.

‘ಹುಯಿಲು’ ಬೇಡ. ಪತ್ರಿಕೆಗಳು ‘ಹುಯಿಲೆಬ್ಬಿಸು’ ಅನ್ನೋದನ್ನು ಸುಮ್ನೆ ಗದ್ದಲ ಮಾಡುವುದಕ್ಕೆ ಮೀಸಲಿಟ್ಟಿವೆ. ‘ಬೊಬ್ಬೆ’ ಬಗ್ಗೆ ಆಮೇಲೆ ಕೇಳುತ್ತೇನೆ.

ಆ ಕೂಗಿನ ಹಿಂದೆ ಏನಿತ್ತು ಅನ್ನೋದನ್ನೂ ಲೇಖನದಲ್ಲಿ ಹೇಳಬೇಕು, ಅಲ್ಲಿ ಇನ್ನೊಂದು ಪದ ಕಾಡುತ್ತಿದೆ. ಆ ಸುತ್ತಿಗೆಗೆ ಒಂದು ನಿಯಮ. ಅದಕ್ಕೆ ತಕ್ಕವರು ಮಾತ್ರ ಅದನ್ನು ಎತ್ತಬಲ್ಲರು. ಇದೇ ಸರಣಿಯ 2015ರ ‘ಏಜ್ ಆಫ್ ಅಲ್ಟ್ರಾನ್’ನಲ್ಲಿ ಪಾರ್ಟಿ ಮುಗಿದ ಮೇಲೆ ಜೊತೆಗಾರರು ಒಬ್ಬೊಬ್ಬರಾಗಿ ಒಂದು ಕೈ ನೋಡುತ್ತಾರೆ, ಯಾರಿಗೂ ಆಗುವುದಿಲ್ಲ. ಕ್ಯಾಪ್ಟನ್ ಎಳೆದಾಗ ಮಾತ್ರ ಅದು ಕೂದಲೆಳೆಯಷ್ಟು ಅಲ್ಲಾಡುತ್ತದೆ, ಥಾರ್‌ನ ಮುಖ ಸಪ್ಪಗಾಗುತ್ತದೆ. ನಾಲ್ಕು ವರ್ಷ ಕಾದವರ ಕೂಗು ಅದು. ಕಾಮಿಕ್ಸ್ ಓದುವವರಿಗೆ ಇದು ಇನ್ನೂ ಹಳೆಯದು. 1988ರ ‘ಥಾರ್’ 390ನೇ ಸಂಚಿಕೆಯಲ್ಲೇ ಕ್ಯಾಪ್ಟನ್ ಆ ಸುತ್ತಿಗೆ ಎತ್ತಿದ್ದ. ಹೀಗೆ ಒಂದೇ ಕೂಗಿನಲ್ಲಿ ಎರಡು ಬಗೆಯ ಜನ ಸೇರಿದ್ದಾರೆ: ‘ಓಹ್, ಎತ್ತಿಬಿಟ್ಟ!’ ಅನ್ನುವವರು, ‘ಅಂತೂ ತೋರಿಸಿದರಲ್ಲ!’ ಅನ್ನುವವರು.

ಆ ‘ತಕ್ಕವರು’ ಅನ್ನೋದೇ ನನ್ನ ಪ್ರಶ್ನೆ. ‘ಯೋಗ್ಯ’ ಅಂದರೆ ಗಂಡು ನೋಡಲು ಹೋದ ಹಾಗಿದೆ. ‘ಅರ್ಹ’ ಅಂದರೆ ‘ಅರ್ಹ ಅಭ್ಯರ್ಥಿಗಳಿಂದ ಅರ್ಜಿ ಆಹ್ವಾನಿಸಲಾಗಿದೆ’. ನನಗೆ ‘ತಕ್ಕವನು’ ಸರಿ ಅನಿಸುತ್ತದೆ. ಶಿವಧನುಸ್ಸಿನ ಕತೆ ಕೇಳಿ ಬೆಳೆದವರಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಾಗಿಲ್ಲ, ಅದೊಂದು ಅನುಕೂಲ.

ಮೌನದ ವಿಷಯ ಸುಲಭವಾಗಿ ಬಗೆಹರಿಯಿತು. ‘ಎಂಡ್‌ಗೇಮ್’ಗೆ ಹಿಂದಿನ ವರ್ಷ ಬಂದ, ಅದೇ ಕತೆಯ ಮೊದಲ ಭಾಗ ‘ಇನ್ಫಿನಿಟಿ ವಾರ್’ನ ಕೊನೆಯಲ್ಲಿ ಥಾನೋಸ್ ಚಿಟಿಕೆ ಹೊಡೆಯುತ್ತಾನೆ, ಅರ್ಧಕ್ಕರ್ಧ ಜೀವಗಳು ಬೂದಿಯಾಗಿ ಉದುರುತ್ತವೆ, ಸಿನಿಮಾ ಅಲ್ಲಿಗೇ ಮುಗಿಯುತ್ತದೆ. ಜನ ಏನೂ ಮಾತಾಡದೆ ಕೂತಿದ್ದರು. ‘ಗರ ಬಡಿದವರ ಹಾಗೆ ಕೂತರು’. ಇದಕ್ಕಿಂತ ಬೇರೆ ಏನು ಬೇಕು? ‘ಸ್ತಂಭೀಭೂತರಾದರು’ ಅಂತ ಯಾರಾದರೂ ತಿದ್ದಿದರೆ ನಾನು ಒಪ್ಪೋದಿಲ್ಲ.

ಅಳು ಕಷ್ಟ. ‘ಎಂಡ್‌ಗೇಮ್’ನಲ್ಲಿ ಟೋನಿ ಸ್ಟಾರ್ಕ್, ಅಂದರೆ ಐರನ್ ಮ್ಯಾನ್, ಸಾಯುವಾಗ ಕತ್ತಲಲ್ಲಿ ಅಲ್ಲಲ್ಲಿ ಕೇಳುವ ಸದ್ದಿಗೆ ‘ಬಿಕ್ಕಳಿಕೆ’ ಅಂತ ಬರೆದೆ. ಓದಿದ ಗೆಳೆಯರೊಬ್ಬರು, ‘ಯಾಕ್ರೀ, ಯಾರೂ ನೀರು ಕೊಡಲಿಲ್ವಾ?’ ಅಂದರು. ‘ಬಿಕ್ಕಳಿಸಿ ಅತ್ತರು’ ಅಂದರೆ ಸರಿಯಾಗಿ ಕೂರುತ್ತದೆ, ‘ಬಿಕ್ಕಳಿಕೆ’ ಅಂತ ಒಂಟಿಯಾಗಿ ನಿಂತರೆ ನೀರು ಕೇಳುತ್ತದೆ. ಇಲ್ಲೂ ಕ್ರಿಯಾಪದವೇ ಕಾಪಾಡಿದ್ದು ಗಮನಿಸಿ.

ಮೈ ಜುಂ ಅನ್ನೋದು, ಮೈನವಿರೇಳೋದು ಎರಡೂ ಚೆನ್ನಾಗಿವೆ. ಈಗಿನವರು ‘ಗೂಸ್‌ಬಂಪ್ಸ್ ಬಂತು ಗುರು’ ಅಂತಾರೆ. ಅದರ ಬಗ್ಗೆ ಜಗಳ ಬೇಡ.

ಹೆಸರುಪಟ್ಟಿ ಓಡುವಾಗ ನಡುವೆಯೋ ಕೊನೆಗೋ ಬರುವ ಚಿಕ್ಕ ಸೀನ್ ಇರುತ್ತದಲ್ಲ, ಅದಕ್ಕೆ ‘ಬಾಲಂಗೋಚಿ’ ಅಂತ ಬಳಸಿದ್ದೇನೆ. ಈ ಅವೆಂಜರ್ಸ್ ಸಿನಿಮಾಗಳನ್ನು ತೆಗೆಯುವ ಮಾರ್ವೆಲ್ ಕಂಪನಿಯ ಸಿನಿಮಾಗಳಲ್ಲಿ ಜನ ಅದಕ್ಕಾಗಿಯೇ ಕಾದು ಕೂರುತ್ತಾರೆ. ‘ಎಂಡ್‌ಗೇಮ್’ ಬಿಡುಗಡೆಯಾದಾಗ ಅಂಥ ಸೀನ್ ಇರಲಿಲ್ಲ. ಕೊನೆಗೆ ಕಬ್ಬಿಣ ಬಡಿಯುವ ಸದ್ದು ಮಾತ್ರ. ‘ಬಾಲಂಗೋಚಿಗೆ ಕಾದವರಿಗೆ ಸುತ್ತಿಗೆ ಸದ್ದಷ್ಟೇ ಸಿಕ್ಕಿತು’ ಅಂತ ಬರೆದಿದ್ದೇನೆ. ಅತಿಯಾಯಿತಾ?

ಇನ್ನು ಥಿಯೇಟರ್ ಹೊರಗಿನ ಮಾತು. ಅಮೆರಿಕದಲ್ಲಿ ಸಿನಿಮಾಸ್ಕೋರ್ ಅಂತ ಒಂದು ಸಂಸ್ಥೆ ಇದೆ, ಲಾಸ್ ವೇಗಸ್‌ನದು. ಮೊದಲ ದಿನದ ಪ್ರೇಕ್ಷಕರ ಕೈಗೆ ಕಾರ್ಡ್ ಕೊಟ್ಟು, ಶಾಲೆಯ ಹಾಗೆ ಎ, ಬಿ, ಸಿ ಅಂತ ದರ್ಜೆ ಹಾಕಿಸುತ್ತದೆ. ‘ಎಂಡ್‌ಗೇಮ್’ಗೆ ಎ ಪ್ಲಸ್ ಬಂತು. 2019ರ ‘ಜೋಕರ್’ಗೆ ಬಿ ಪ್ಲಸ್, 2024ರಲ್ಲಿ ಬಂದ ಅದರ ಎರಡನೇ ಭಾಗಕ್ಕೆ ಡಿ. ಕಾಮಿಕ್ಸ್ ಆಧಾರದ ದೊಡ್ಡ ಸಿನಿಮಾಗಳಿಗೆ ಇಂಥ ದರ್ಜೆ ಬೀಳೋದು ಅಪರೂಪ. ನಮ್ಮಲ್ಲಿ ಬಾಗಿಲಲ್ಲಿ ಕಾರ್ಡ್ ಬದಲು ಮೈಕ್ ಹಿಡಿಯುತ್ತಾರೆ, ‘ಪಬ್ಲಿಕ್ ಟಾಕ್’ ಅಂತ. ಆ ಪದವನ್ನೇ ಉಳಿಸಿಕೊಳ್ಳಲೋ, ‘ನೋಡಿದವರ ಮಾತು’ ಅನ್ನಲೋ? ಡಿ ದರ್ಜೆಗೆ ಮಾತ್ರ ಕನ್ನಡದಲ್ಲಿ ಬರವಿಲ್ಲ. ತೋಪು, ಡಬ್ಬಾ, ಮಕಾಡೆ ಮಲಗಿತು. ಆದರೆ ಮೊದಲನೆಯದೂ ಕೊನೆಯದೂ ಗಲ್ಲಾಪೆಟ್ಟಿಗೆಯ ಮಾತು, ‘ಡಬ್ಬಾ’ ಮಾತ್ರ ನೋಡಿದವರ ಮಾತು. ಕಲಸಬಾರದು.

ನೋಡುವ ಮೊದಲೇ ಬೈಯುವವರೂ ಇದ್ದಾರೆ. 2019ರ ‘ಕ್ಯಾಪ್ಟನ್ ಮಾರ್ವೆಲ್’ ತೆರೆಗೆ ಬರುವ ಮುಂಚೆಯೇ ಸಿನಿಮಾ ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮ್ಯಾಟೋಸ್ ತಾಣದಲ್ಲಿ ಜನ ಗುಂಪಾಗಿ ಬಂದು ಅದನ್ನು ಕೆಳಗೆ ಎಳೆದರು. ಆ ಫೆಬ್ರುವರಿಯಲ್ಲೇ ತಾಣದವರು ಬಿಡುಗಡೆಗೆ ಮೊದಲು ಅಭಿಪ್ರಾಯ ಬರೆಯುವ ಜಾಗವನ್ನು ಮುಚ್ಚಿದರು. ಸಿನಿಮಾ ಮಾತ್ರ ನೂರು ಕೋಟಿ ಡಾಲರ್ ದಾಟಿತು. ಇಂಗ್ಲಿಷಿನಲ್ಲಿ ಇದಕ್ಕೆ ‘ರಿವ್ಯೂ ಬಾಂಬಿಂಗ್’ ಅಂತ ಬಾಂಬ್ ಹಾಕುವ ಭಾಷೆ ಇದೆ. ನಮಗೆ ಬಾಂಬ್ ಬೇಡ, ‘ರೇಟಿಂಗ್ ಮೇಲೆ ಮುಗಿಬಿದ್ದರು’ ಸಾಕು ಅಂತ ಅಂದುಕೊಂಡಿದ್ದೆ. ಆದರೆ ‘ಟಿಕೆಟ್‌ಗೆ ಮುಗಿಬಿದ್ದರು’ ಅಂದರೆ ಆಸೆ, ‘ಅವನ ಮೇಲೆ ಮುಗಿಬಿದ್ದರು’ ಅಂದರೆ ದಾಳಿ. ಇಲ್ಲಿ ಭಾವ ವಿಭಕ್ತಿಯಲ್ಲಿದೆ! ‘ಮೇಲೆ’ ಬಿಡದೆ ಬರೆದರೆ ನಡೆಯುತ್ತದೆ.

ಇಂಟರ್‌ನೆಟ್ ಇಲ್ಲದ ಕಾಲದಲ್ಲೂ ಇದು ಇತ್ತು. 1989ರ ‘ಬ್ಯಾಟ್‌ಮನ್’ಗೆ ಮೈಕೆಲ್ ಕೀಟನ್‌ನನ್ನು ಆರಿಸಿದಾಗ, ಹಾಸ್ಯ ಮಾಡುವವನು ಬ್ಯಾಟ್‌ಮನ್ ಹೇಗಾದಾನು ಅಂತ ಕಾಮಿಕ್ಸ್ ಅಭಿಮಾನಿಗಳು ಸ್ಟುಡಿಯೋಗೆ ಸಾವಿರಗಟ್ಟಲೆ ಪತ್ರ ಬರೆದರು. ಅದಕ್ಕೆ ‘ಪ್ರತಿಭಟನೆ’ ಅನ್ನದೆ ‘ತಕರಾರು ತೆಗೆದರು’ ಅಂದಿದ್ದೇನೆ.

ಕೊನೆಗೆ ‘ಮೋರ್ಬಿಯಸ್’. ಇದೂ ಕಾಮಿಕ್ಸ್‌ನಿಂದ ಬಂದದ್ದೇ, ಸೋನಿ ಕಂಪನಿಯದು, 2022ರಲ್ಲಿ ಬಂದು ಸೋತ ಸಿನಿಮಾ. ಸೋತ ಮೇಲೆ ಜನ ಅದನ್ನು ಆಕಾಶಕ್ಕೆ ಏರಿಸಿ ಹೊಗಳುವ ಆಟ ಶುರು ಮಾಡಿದರು, ಸಿನಿಮಾದಲ್ಲಿ ಇಲ್ಲದ ಡೈಲಾಗ್ ಕಟ್ಟಿ ಹರಿಬಿಟ್ಟರು. ಆ ಗದ್ದಲದ ನಡುವೆಯೇ ಜೂನ್‌ನಲ್ಲಿ ಸೋನಿ ಸುಮಾರು ಸಾವಿರ ಥಿಯೇಟರ್‌ಗಳಲ್ಲಿ ಮತ್ತೆ ಹಾಕಿತು. ವಾರಾಂತ್ಯದ ಗಳಿಕೆ ಮೂರು ಲಕ್ಷ ಡಾಲರ್ ಆಸುಪಾಸು, ಅಂದರೆ ಒಂದು ಥಿಯೇಟರ್‌ಗೆ ಮುನ್ನೂರು. ಹೊಗಳಿದ ಹಾಗೆ ಮಾಡಿ ಆಡಿಕೊಳ್ಳುವ ಈ ಆಟಕ್ಕೆ ‘ಗೇಲಿ’ ಸಾಲದು. ‘ಕಾಲೆಳೆಯುವುದು’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಸುಳ್ಳು ಹೊಗಳಿಕೆ ಇಲ್ಲ. ‘ಅಟ್ಟಕ್ಕೇರಿಸುವುದು’ ಅನ್ನಬಹುದಾ? ಅಟ್ಟಕ್ಕೇರಿಸಿದವರು ಏಣಿ ತೆಗೆಯುತ್ತಾರೆ ಅನ್ನೋ ಸೂಚನೆ ಅದರಲ್ಲಿ ಇದ್ದೇ ಇದೆ.

ಇಷ್ಟೆಲ್ಲ ತಡಕಾಡಲು ಒಂದು ಕಾರಣವೂ ಇದೆ. ‘ಎಂಡ್‌ಗೇಮ್’ ಭಾರತದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. 2023ರ ‘ಅಕ್ರಾಸ್ ದ ಸ್ಪೈಡರ್-ವರ್ಸ್’ ಹತ್ತು ಭಾಷೆಗಳಲ್ಲಿ ಬಂದಾಗ ಅದರಲ್ಲಿ ಕನ್ನಡವೂ ಇತ್ತು. ಸುತ್ತಿಗೆ ಹಿಡಿದ ಕೈ ನೋಡಿ ನಮ್ಮವರು ಇಲ್ಲೂ ಕೂಗಿದ್ದಾರೆ, ಆದರೆ ಬೇರೆ ಭಾಷೆಯ ಡೈಲಾಗ್‌ಗೆ. ಹಾಗಾಗಿ ಬರೆಯುವಾಗ ಕೈಗೆ ಸಿಗುವ ಪದಗಳೂ ಬೇರೆ ಭಾಷೆಯವೇ ಆಗಿಬಿಡುತ್ತವೆ.

ಈಗ ಬೊಬ್ಬೆ. ನಮ್ಮ ಹಳೇ ಮೈಸೂರು ಕಡೆ ‘ಬೊಬ್ಬೆ ಹೊಡೆಯೋದು’ ಅಂದರೆ ನೋವಿಗೋ ದೂರಿಗೋ ಕಿರುಚೋದು. ಕರಾವಳಿಯವರ ಬಾಯಲ್ಲಿ ಅದು ದಿನನಿತ್ಯದ ಸಾದಾ ಪದ ಅಂತ ಕೇಳಿದ್ದೇನೆ. ಮಂಗಳೂರು, ಉಡುಪಿ ಕಡೆಯವರು ದಯವಿಟ್ಟು ಹೇಳಿ: ಖುಷಿಗೆ ಬೊಬ್ಬೆ ಹಾಕೋದುಂಟಾ? ಹಾಗೆಯೇ ಧಾರವಾಡ, ಕಲಬುರಗಿ ಕಡೆಯವರು ‘ಸೀಟಿ ಹೊಡಿ’ ಅನ್ನುವಾಗ ಗೇಲಿಯ ಸೀಟಿಗೂ ಮೆಚ್ಚುಗೆಯ ಸೀಟಿಗೂ ಮಾತಿನಲ್ಲಿ ಏನಾದರೂ ಭೇದ ಮಾಡುತ್ತೀರಾ? ಪದಕೋಶದಲ್ಲಿ ಇರೋದು ನಾನೂ ನೋಡಿಕೊಳ್ಳಬಲ್ಲೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಕೇಳಿದ ಒಂದು ವಾಕ್ಯ ಇದ್ದರೆ ಹಾಗೇ ಬರೆದು ಕಳಿಸಿ.