ಕನ್ನಡ ಪ್ರೂಫ್ ಕೆಲಸಕ್ಕೆ ಮಾನಿಟರ್: 24 ಇಂಚು ಐಪಿಎಸ್ಸಾ, 27 ಇಂಚು ವಿಎನಾ?

ಕರಡು_ಪುಟ:
ಎಲ್ರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಮನೇಲೇ ಕೂತು ಕನ್ನಡ ಪುಸ್ತಕಗಳ ಡಿಟಿಪಿ, ಪ್ರೂಫ್ ಕೆಲಸ ಮಾಡ್ತೀನಿ. ಇಷ್ಟು ದಿನ ಲ್ಯಾಪ್‌ಟಾಪಿನ 14 ಇಂಚಿನ ಪರದೆಯಲ್ಲೇ ನಡೀತಿತ್ತು, ಈಗೀಗ ಸಂಜೆ ಆಗೋಷ್ಟ್ರಲ್ಲಿ ಕಣ್ಣುರಿ, ಕತ್ತು ನೋವು, ಅದಕ್ಕೇ ಒಂದು ಮಾನಿಟರ್ ತಗೊಳೋಣ ಅಂತ. ಬಜೆಟ್ 20 ಸಾವಿರದೊಳಗೆ. ಅಂಗಡಿಯವರು 27 ಇಂಚಿನ ಕರ್ವ್ಡ್ ಒಂದು ತೋರ್ಸಿದ್ರು, ಫುಲ್ ಎಚ್‌ಡಿ, ವಿಎ ಪ್ಯಾನಲ್, "ಇದು ಎಲ್‌ಇಡಿ ಮೇಡಂ, ಕಣ್ಣಿಗೆ ಒಳ್ಳೇದು" ಅಂದ್ರು. ನನ್ನ ತಮ್ಮ 24 ಇಂಚು ಐಪಿಎಸ್ ಸಾಕು ಅಂತಾನೆ. ಕೆಲಸ ಪೂರ್ತಿ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ), ಪೇಜ್‌ಮೇಕರ್ (ಪುಟ ಜೋಡಿಸೋ ಹಳೇ ತಂತ್ರಾಂಶ) ಇವೆರಡರಲ್ಲೇ. ರಾತ್ರಿ ಮಕ್ಳು ಸಿನಿಮಾ ನೋಡ್ತಾರೆ. ಕೂತ್ಕೊಳೋ ಜಾಗದಲ್ಲಿ ಬೆನ್ನ ಹಿಂದೆ ಕಿಟಕಿ ಇದೆ. ಯಾವುದು ತಗೊಳ್ಲಿ?

ಚುಕ್ಕಿಗಾರ:
ಅಕ್ಕ, ಮೊದಲು ಒಂದು ವಿಷ್ಯ, ಬಾಕ್ಸ್ ಮೇಲೆ ಎಲ್‌ಇಡಿ ಅಂತ ಬರ್ದಿರೋದು ಹಿಂದಿನ ದೀಪದ ಬಗ್ಗೆ ಅಷ್ಟೆ, ಪ್ಯಾನಲ್ ಬಗ್ಗೆ ಅಲ್ಲ. ಐಪಿಎಸ್, ವಿಎ, ಟಿಎನ್ ಅನ್ನೋವು ಪ್ಯಾನಲ್‌ನ ಬಗೆಗಳು, ಎಲ್ಲ ಎಲ್‌ಸಿಡಿನೇ, ಎಲ್ಲಕ್ಕೂ ಈಗ ಹಿಂದೆ ಎಲ್‌ಇಡಿ ದೀಪನೇ ಇರೋದು.

ನಿಮ್ಮ ಕೆಲಸಕ್ಕೆ ಪ್ಯಾನಲ್‌ಗಿಂತ ಮುಂಚೆ ನೋಡ್ಬೇಕಾದ್ದು ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಬೀಳತ್ತೆ ಅನ್ನೋದು. 24 ಇಂಚಲ್ಲಿ ಫುಲ್ ಎಚ್‌ಡಿ (1920×1080 ಪಿಕ್ಸೆಲ್) ಅಂದ್ರೆ ಇಂಚಿಗೆ ಸುಮಾರು 92, ಅದೇ ಫುಲ್ ಎಚ್‌ಡಿನ 27 ಇಂಚಿಗೆ ಹರಡಿದ್ರೆ 82ಕ್ಕೆ ಇಳಿಯತ್ತೆ, ಅಂದ್ರೆ ಅಂಗಡಿಯವರು ತೋರ್ಸಿದ್ರಲ್ಲಿ ಅಕ್ಷರ ದೊಡ್ಡದಾಗತ್ತೆ ಆದ್ರೆ ಸ್ಪಷ್ಟ ಆಗಲ್ಲ. 27 ಇಂಚಲ್ಲಿ 2560×1440 ಇರೋದು ತಗೊಂಡ್ರೆ ಇಂಚಿಗೆ 109 ಸಿಗತ್ತೆ. ಇಂಗ್ಲಿಷ್ ಓದೋರಿಗೆ ಈ ವ್ಯತ್ಯಾಸ ಅಷ್ಟು ಕಾಡಲ್ವೇನೋ, ಕನ್ನಡಕ್ಕೆ ಕಾಡತ್ತೆ. 10 ಪಾಯಿಂಟ್ ಅಕ್ಷರ ನೂರು ಪರ್ಸೆಂಟ್ ಝೂಮ್‌ನಲ್ಲಿ ಹದಿಮೂರು ಪಿಕ್ಸೆಲ್ ಲೆಕ್ಕ, ಅಷ್ಟ್ರಲ್ಲೇ ತಲಕಟ್ಟು, ಅಕ್ಷರದ ಮೈ, ಗುಣಿತದ ಕೊಂಬು, ಕೆಳಗೆ ಒತ್ತು ಎಲ್ಲ ಕೂರ್ಬೇಕು. "ರಾಷ್ಟ್ರ"ದ ಒತ್ತುಗಳು ಒಂದಕ್ಕೊಂದು ಅಂಟ್ಕೊಂಡು ಬಿಡತ್ತೆ. ದ-ಧ, ಬ-ಭ, ಪ-ಫ ಇವುಗಳ ಮಧ್ಯೆ ಇರೋ ವ್ಯತ್ಯಾಸನೇ ಕೆಳಗಿನ ಆ ಸಣ್ಣ ಸೀಳು, ಅದು ಒಂದೆರಡು ಪಿಕ್ಸೆಲ್‌ನಲ್ಲಿ ಮುಚ್ಚೋದ್ರೆ ಪ್ರೂಫ್ ನೋಡೋದು ಅಂದಾಜಿನ ಕೆಲಸ ಆಗತ್ತೆ. ಝೂಮ್ ಮಾಡ್ಬೋದು ನಿಜ, ಆದ್ರೆ ಪುಟ ಪೂರ್ತಿ ಕಾಣಲ್ಲ.

ಜಾಗದ ಲೆಕ್ಕನೂ ಹೇಳ್ತೀನಿ. 27 ಇಂಚಿನ ಪರದೆ ಸುಮಾರು 60 ಸೆಂಟಿಮೀಟರ್ ಅಗಲ, 33.6 ಎತ್ತರ. ಎ4 ಪುಟ 29.7 ಎತ್ತರ, ಹಾಗಾಗಿ ಅಸಲಿ ಅಳತೆಯಲ್ಲೇ ಪಕ್ಕಪಕ್ಕ ಎರಡು ಪುಟ ಕೂರತ್ತೆ, ಮೆನುಗೂ ಚೂರು ಜಾಗ ಉಳಿಯತ್ತೆ. 24 ಇಂಚಿನದು ಎತ್ತರ 30ರ ಆಸುಪಾಸು, ಟಾಸ್ಕ್‌ಬಾರ್ ಬಂದ್ರೆ ಎ4 ಹಿಡಿಯಲ್ಲ. 1/8 ಡೆಮಿ (ಮಾಮೂಲಿ ಕಾದಂಬರಿ ಸೈಜಿನ) ಪುಸ್ತಕ ಆದ್ರೆ 24ರಲ್ಲೂ ಎದುರುಬದುರು ಪುಟ ಬರತ್ತೆ, 27ರಲ್ಲಿ ಅದನ್ನೇ ಇನ್ನೂ ಹಿಗ್ಗಿಸಿ ನೋಡ್ಬೋದು.

ಧಾರವಾಡ_ಪೇಢಾ:
ನಿಮ್ಮ ತಮ್ಮ ವಿಎ ಬಿಟ್ಟು ಐಪಿಎಸ್ ಸಾಕು ಅನ್ನೂದು ನನಗ ಸರಿ ಕಾಣೂದಿಲ್ರಿ. ನಮ್ಮ ಮನ್ಯಾಗ ವಿಎನ ಐತಿ, ರಾತ್ರಿ ಲೈಟ್ ಆರಿಸಿ ಸಿನಿಮಾ ಹಚ್ಚಿದ್ರ ಕಪ್ಪು ಅಂದ್ರ ಕಪ್ಪ ಕಾಣತೈತಿ. ವಿಎದಾಗ ಕಾಂಟ್ರಾಸ್ಟ್ (ಬಿಳಿ-ಕಪ್ಪಿನ ನಡುವಿನ ಅಂತರ) ಸುಮಾರು 3000:1 ಇರತೈತಿ, ಸಾದಾ ಐಪಿಎಸ್‌ದಾಗ 1000:1ರ ಹತ್ರ ಅಷ್ಟ, ಕತ್ತಲ ಕೋಣ್ಯಾಗ ಐಪಿಎಸ್ ಮೂಲಿಗೋಳು ಬೆಳ್ಳಗ ಮಂಜು ಕವಿದಂಗ ಕಾಣತಾವ. ಮಕ್ಕಳು ಸಿನಿಮಾ ನೋಡತಾರಂದ್ರ ಅದನ್ನೂ ವಿಚಾರ ಮಾಡ್ರಿ.

ಚುಕ್ಕಿಗಾರ:
ಸರ್, ಸಿನಿಮಾಗೆ ವಿಎ ಚೆನ್ನಾಗಿರತ್ತೆ, ಒಪ್ತೀನಿ. ಆದ್ರೆ ಅವ್ರು ದಿನಾ ನೋಡೋದು ಬಿಳಿ ಪುಟ, ಅದೂ ಹಗಲು ಬೆಳಕಲ್ಲಿ, ಅಲ್ಲಿ ಆ 3000ದ ಲಾಭ ಹೆಚ್ಚೇನೂ ಸಿಗಲ್ಲ. ಬದಲಿಗೆ ವಿಎನಲ್ಲಿ ಓರೆಯಿಂದ ನೋಡಿದ್ರೆ ಬಣ್ಣದ ಗಾಢತೆ ಬದಲಾಗತ್ತೆ, ಪರದೆ ದೊಡ್ಡದಾದಷ್ಟೂ ಹತ್ರ ಕೂತೋರಿಗೆ ಅಂಚುಗಳು ಓರೆನೇ ಅಲ್ವಾ, ಕರ್ವ್ಡ್ ಮಾಡಿದ್ರೆ ಅದು ಸ್ವಲ್ಪ ಕಮ್ಮಿ ಆಗತ್ತೆ. ಕರ್ವ್ಡ್‌ನಲ್ಲಿ ಪುಟದ ಮಾರ್ಜಿನ್ ಗೆರೆ, ಟೇಬಲ್ ಗೆರೆ ನೇರ ಇದ್ಯಾ ಅಂತ ಕಣ್ಣಳತೆಯಲ್ಲಿ ನೋಡೋದು ಮಾತ್ರ ಕಷ್ಟ. ಮುಖಪುಟದ ಬಣ್ಣ ಲೇಖಕರಿಗೆ ತೋರ್ಸೋವಾಗ ಪಕ್ಕದಲ್ಲಿ ಕೂತೋರಿಗೂ ಒಂದೇ ಥರ ಕಾಣ್ಬೇಕು ಅಂದ್ರೆ ಐಪಿಎಸ್ಸೇ ಸರಿ.

ಧಾರವಾಡ_ಪೇಢಾ:
ಮುಖಪುಟದ ಕೆಲಸಾನೂ ಐತಿ ಅಂದ್ರ ಆತು ಬಿಡ್ರಿ, ಐಪಿಎಸ್‌ನ ತಗೋರಿ.

ಕರಡು_ಪುಟ:
ಹೌದು, ಆಗಾಗ ಮುಖಪುಟನೂ ಮಾಡ್ತೀನಿ. ಒತ್ತಕ್ಷರದ ವಿಷ್ಯ ಅಂಗಡೀಲಿ ಯಾರೂ ಹೇಳ್ಲಿಲ್ಲ. ಹಾಗಿದ್ರೆ ಇನ್ನೂ ಸ್ವಲ್ಪ ದುಡ್ಡು ಹಾಕಿ 4ಕೆ ತಗೊಂಡ್ರೆ ಇನ್ನೂ ಒಳ್ಳೇದಲ್ವಾ? ಲ್ಯಾಪ್‌ಟಾಪ್ ಹಳೇದು, ಎಚ್‌ಡಿಎಂಐ ಮಾತ್ರ ಇದೆ.

ಅಚ್ಚುಮೊಳೆ:
ನಾನೂ ಡಿಟಿಪಿನೇ, ಅದಕ್ಕೆ ಹೇಳ್ತಿದೀನಿ, ಪೇಜ್‌ಮೇಕರ್ ಬಿಡೋವರೆಗೂ 4ಕೆ ಕಡೆ ಹೋಗ್ಬೇಡಿ ಅಕ್ಕ. 27 ಇಂಚಿನ 4ಕೆ (3840×2160) ಅಂದ್ರೆ ಇಂಚಿಗೆ 163 ಪಿಕ್ಸೆಲ್, ವಿಂಡೋಸ್ ಸ್ಕೇಲಿಂಗ್ (ಎಲ್ಲಾನೂ ಹಿಗ್ಗಿಸಿ ತೋರ್ಸೋ ಸೆಟ್ಟಿಂಗ್) 150 ಪರ್ಸೆಂಟ್‌ಗೆ ಇಡ್ದೇ ಮೆನು ಓದಕ್ಕಾಗಲ್ಲ. ಪೇಜ್‌ಮೇಕರ್ ಥರದ ಹಳೇ ಸಾಫ್ಟ್‌ವೇರ್‌ಗೆ ಈ ಸ್ಕೇಲಿಂಗ್ ಗೊತ್ತೇ ಇಲ್ಲ, ಅದನ್ನ ವಿಂಡೋಸೇ ಫೋಟೋ ಹಿಗ್ಗಿಸಿದ ಹಾಗೆ ಹಿಗ್ಗಿಸತ್ತೆ, ಅಕ್ಷರ ಮಬ್ಬಾಗತ್ತೆ. ಅಷ್ಟು ದುಡ್ಡು ಕೊಟ್ಟು ಮಬ್ಬು ಅಕ್ಷರ ಯಾಕೆ ನೋಡ್ಬೇಕು. 2560×1440 ಇರೋದನ್ನ ಸ್ಕೇಲಿಂಗ್ 100ರಲ್ಲೇ ಇಟ್ಕೊಂಡ್ರೆ ಈ ತೊಂದ್ರೆ ಇಲ್ಲ, ಮೆನು ಅಕ್ಷರ ಒಂಚೂರು ಚಿಕ್ಕದಾಗಿ ಕಾಣತ್ತೆ ಅಷ್ಟೆ.

ಎಚ್‌ಡಿಎಂಐ 1.4 ಇದ್ರೂ 2560×1440 ಅನ್ನೋದು 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗೋ ಹಾಗೆ) ಓಡತ್ತೆ, 4ಕೆ ಮಾತ್ರ 30ಕ್ಕೆ ಇಳಿಯತ್ತೆ, ಮೌಸ್ ಎಳೆದ್ರೆ ತಡವರಿಸಿದ ಹಾಗೆ ಆಗತ್ತೆ. ಆದ್ರೂ ನಿಮ್ಮ ಲ್ಯಾಪ್‌ಟಾಪ್ ಗ್ರಾಫಿಕ್ಸ್ 1440 ಕೊಡತ್ತಾ ಅಂತ ಮೊದಲೇ ನೋಡ್ಕೊಳಿ, ತೀರಾ ಹಳೇ ಕೆಲವು ಎಚ್‌ಡಿಎಂಐನಲ್ಲಿ 1920×1200 ದಾಟಲ್ಲ. ಅಂಗಡಿಗೆ ಲ್ಯಾಪ್‌ಟಾಪನ್ನೇ ಹೊತ್ಕೊಂಡು ಹೋಗಿ, ನಿಮ್ದೇ ಒಂದು ಪುಟ ತೆಗ್ದು ಅಡಿಟಿಪ್ಪಣಿ ಇರೋ ಕಡೆ ನೋಡಿ.

ಬೆನ್ನ ಹಿಂದೆ ಕಿಟಕಿ ಅಂದ್ರಲ್ಲ, ಹೊಳಪಿನ ಪರದೆ ಬೇಡ, ಮ್ಯಾಟ್ ಇರ್ಲಿ, ಆಗತ್ತೆ ಅಂದ್ರೆ ಮೇಜನ್ನ ಕಿಟಕಿ ಪಕ್ಕಕ್ಕೆ ಬರೋ ಹಾಗೆ ತಿರುಗ್ಸಿ. ಫ್ಲಿಕರ್-ಫ್ರೀ (ದೀಪ ಮಿಣುಕದೇ ಇರೋದು) ಅಂತ ಇದ್ಯಾ ಕೇಳಿ. ಸ್ಟ್ಯಾಂಡ್ ಮೇಲೆ ಕೆಳಗೆ ಆಗೋ ಹಾಗಿದ್ರೆ ಕತ್ತಿಗೆ ಒಳ್ಳೇದು, ಬೆಲೆಗೆ ಎಟುಕದಿದ್ರೆ ಹಿಂದೆ ವೆಸಾ ತೂತು (ಸ್ಟ್ಯಾಂಡ್, ಆರ್ಮ್ ಬಿಗಿಯೋ ಸ್ಕ್ರೂ ತೂತು) ಇರೋದನ್ನ ತಗೊಳಿ, ಆಮೇಲೆ ಬೇರೆ ಆರ್ಮ್ ಹಾಕ್ಸಬೋದು.

ಕರಡು_ಪುಟ:
ಶನಿವಾರ ಲ್ಯಾಪ್‌ಟಾಪ್ ತಗೊಂಡೇ ಹೋಗ್ತೀನಿ. 27 ಇಂಚು, 1440, ಐಪಿಎಸ್, ಮ್ಯಾಟ್ ಅಂತ ಬರ್ಕೊಂಡಿದೀನಿ. ಲ್ಯಾಪ್‌ಟಾಪ್‌ಗೆ 1440 ಆಗ್ಲಿಲ್ಲ ಅಂದ್ರೆ ತಮ್ಮ ಹೇಳಿದ 24 ಇಂಚಿನ ಐಪಿಎಸ್ಸೇ ತರ್ತೀನಿ. ಎಲ್ರಿಗೂ ಥ್ಯಾಂಕ್ಸ್.